ಹುರುಳಿ ತೋರಿಸಿ ಕಲಿಸಿದ ಮಾತು

ಆ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೆ ಹೇಗೆ ಗೊತ್ತಾಗಬೇಕು ಎನ್ನುವವರು ಓದದೆ ಮುಚ್ಚಿಡಬಹುದು, ನನಗೇನೂ ಬೇಸರವಿಲ್ಲ. ನಮ್ಮ ಊರಿನ ಕೆಳಗಿನ ಕೇರಿಯವರ ಜಾತಿಯ ಹೆಸರು ಅದು. ನಮ್ಮ ಕೇರಿಯ ಬಾಯಲ್ಲಿ ಮಾತ್ರ ಅದು ಬೈಗುಳ. ಅಂಗಿ ಒಗೆಯದೆ ಬಂದವನಿಗೆ ಆ ಮಾತು, ಊಟಕ್ಕೆ ಕೂತಾಗ ಆತುರಪಟ್ಟವನಿಗೆ ಆ ಮಾತು, ಚೌಕಾಬಾರದಲ್ಲಿ ಮೋಸ ಮಾಡಿದವನಿಗೂ ಅದೇ. ಹರೆಯದ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಪ್ರೀತಿಯಿಂದಲೇ ಹಾಗೆ ಕರೆದುಕೊಳ್ಳುತ್ತಿದ್ದರು. ಕೇಳಿದರೆ, ತಮಾಷೆಗೆ ಅಂದದ್ದು ಎನ್ನುವರು.

ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ನಮ್ಮ ಊರು. ಆಗ ನಾವಿನ್ನೂ ಮದ್ರಾಸಿಗೆ ಸೇರಿದ್ದೆವು. ಕಚೇರಿ ಕೆಲಸವೆಂದರೆ ಕೊಯಮತ್ತೂರಿಗೆ ಹೋಗಬೇಕು. ಯಳಂದೂರು ಹತ್ತಿರವೇ ಇದ್ದರೂ ಅದು ಮೈಸೂರು ಸೀಮೆ. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆಗೆ ಮಂಡಿನೋವು. ಅಡುಗೆ, ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಕೋಣೆ ಎಲ್ಲವೂ ನನ್ನ ತಲೆಯ ಮೇಲೆಯೇ. ನನ್ನ ತಂಗಿಯ ಬಾಯಿಗೆ ಬೀಗವಿಲ್ಲ ಎಂದು ಅಣ್ಣನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇರಲಿಲ್ಲ, ನಿಜ.

ಆ ವರ್ಷ ಅಣ್ಣ ಯಳಂದೂರಿನ ಕಡೆಯಿಂದ ಒಂದು ಕೆಂದೆತ್ತು ಹಿಡಿದುಕೊಂಡು ಬಂದ. ನೋಡಲು ಲಕ್ಷಣವಾಗಿತ್ತು, ಮಹಾ ಮೊಂಡು. ನೊಗಕ್ಕೆ ಕಟ್ಟಿದರೆ ನಾಲ್ಕು ಮಾರು ನಡೆದು ನಿಲ್ಲುವುದು. ಹೊಡೆದರೆ ಮುಂಗಾಲು ಮಡಿಸಿ ಮಲಗಿಬಿಡುವುದು. ಅಣ್ಣನ ಮಗ, ಆಗ ಇಪ್ಪತ್ತರ ಹುಡುಗ, ಅದನ್ನು ಪಳಗಿಸುತ್ತೇನೆಂದು ಹಟ ತೊಟ್ಟ. ಅವನೂ ಅವನ ಗೆಳೆಯರೂ ಒಂದು ಉಪಾಯ ಮಾಡಿದರು. ಅಂಗೈ ತುಂಬ ಬೇಯಿಸಿದ ಹುರುಳಿ ಹಿಡಿದು ಎತ್ತಿನ ಮುಂದೆ ನಿಂತು ಆ ಮಾತನ್ನು ರಾಗವಾಗಿ ಎಳೆದು ಕೂಗುವುದು. ಎತ್ತು ಎದ್ದು ಬಂದರೆ ಹುರುಳಿ ತಿನ್ನಿಸುವುದು. ಸ್ವಲ್ಪ ದಿನದಲ್ಲೇ ಹುರುಳಿ ಬೇಡವಾಯಿತು. ಆ ಮಾತು ಕಿವಿಗೆ ಬಿದ್ದರೆ ಸಾಕು, ಕಿವಿ ನಿಮಿರಿಸಿಕೊಂಡು ದಡದಡನೆ ನಡೆಯುತ್ತಿತ್ತು. ನಮ್ಮ ಊರಿನಲ್ಲಿ ಆ ಮಾತು ಕೇಳಿ ಖುಷಿಪಟ್ಟ ಜೀವ ಅದೊಂದೇ.

ನಾನು ಸುಮ್ಮನಿರದೆ ಜಗಳ ತೆಗೆದೆ. ಕೆಳಗಿನ ಕೇರಿಯ ಹೆಂಗಸರು ನಮ್ಮ ತೋಟದಲ್ಲೇ ಸೊಪ್ಪು ಕೊಯ್ಯುತ್ತಾರೆ, ಪಕ್ಕದ ಹೊಲದಲ್ಲಿ ನೀನು ದಿನವಿಡೀ ಹೀಗೆ ಕೂಗುತ್ತೀಯಲ್ಲ, ಅವರಿಗೆ ಹೇಗಾಗಬೇಡ ಎಂದು ಕೇಳಿದೆ. ಗೆಳೆಯರು ಜಗಲಿಯ ಮೇಲೆ ಕೂತು ಮುಸಿಮುಸಿ ನಗುತ್ತಿದ್ದರು. ಅವನು ಕೋಪಿಸಿಕೊಳ್ಳಲಿಲ್ಲ, ನನಗೇ ಬುದ್ಧಿ ಹೇಳಿದ.

"ನಾನೇನು ಮನ್ಸ್ರಿಗ ಅಂದ್ನಾ ಅತ್ತೆ? ಎತ್ಗ ತಾನೇ ಅನ್ನದು. ಒಡಿಯದ್ಕಿಂತ ವಾಸಿ ಅಲ್ವಾ?"

ಎಷ್ಟು ಚೆಂದದ ನ್ಯಾಯ ನೋಡಿ! ನನಗೆ ಇನ್ನಷ್ಟು ಸಿಟ್ಟು ಬಂತು. ಕೊಯಮತ್ತೂರಿಗೆ ಹೋದಾಗ ಹೋಟೆಲಿನಲ್ಲಿ ಯಾರೋ ಇವನ ಮಾತು ಕೇಳಿ ಕನ್ನಡದವರನ್ನು ಆಡಿಕೊಳ್ಳುವ ಒಂದು ಹೆಸರು ಹಿಡಿದು ಕರೆದಿದ್ದರಂತೆ. ಎಲೆ ಬಿಟ್ಟು ಎದ್ದು ಬಂದು, ಮನೆಗೆ ಬಂದ ಮೇಲೂ ಬುಸುಗುಟ್ಟಿದ್ದ. ಅದನ್ನು ನೆನಪಿಸಿದೆ. ಅದು ಬೇರೆ ಅತ್ತೆ, ಅವರು ಬೇಕು ಅಂತಲೇ ಅಂದರು ಎಂದ. ಗೆಳೆಯರು ಹೌದು ಹೌದು ಎಂದರು. ಇದು ಹೇಗೆ ಬೇರೆ ಎಂದು ಕೇಳಿದರೆ ಎಲ್ಲರೂ ಎದ್ದು ಹೊಲದ ಕಡೆ ಹೊರಟರು. ಆಮೇಲೆ ನಾನು ತೋಟದ ಕಡೆ ಬರುವುದು ಕಂಡರೆ ದನಿ ತಗ್ಗಿಸುತ್ತಿದ್ದರು, ನಾನು ಅತ್ತ ಹೋದಮೇಲೆ ಮತ್ತೆ ಅದೇ ರಾಗ. ನನ್ನ ಮಾತಿನಿಂದ ಆದದ್ದು ಅಷ್ಟೇ.

ಮಳೆಗಾಲಕ್ಕೆ ಮುಂಚೆ ಅಣ್ಣ ಹುಳುವಿನ ತಟ್ಟೆಗೆ ಬಿದಿರು ತರಲೆಂದು ಒಳ್ಳೆಯ ಜೋಡಿಯನ್ನು ಕಟ್ಟಿಕೊಂಡು ಕೌದಳ್ಳಿಯ ಕಡೆ ಹೋದ. ಜೊತೆಗೆ ಕೆಳಗಿನ ಕೇರಿಯ ಒಬ್ಬ ಆಳನ್ನೂ ಕರೆದುಕೊಂಡು ಹೋದ. ಆ ಆಳಿನ ಹೆಂಡತಿ ತುಂಬಿದ ಬಸುರಿ. ಮಾರನೆಯ ಬೆಳಿಗ್ಗೆ ಅವನ ತಾಯಿ ನಮ್ಮ ಹಿತ್ತಲ ಬೇಲಿಯ ಆಚೆ ಬಂದು ನಿಂತಳು. ನಮ್ಮ ತೋಟದಲ್ಲಿ ಸೊಪ್ಪು ಕೊಯ್ದೇ ಕೂದಲು ನೆರೆತವಳು. ಸೊಸೆಗೆ ರಾತ್ರಿಯಿಂದ ನೋವು, ಕೂಸು ಅಡ್ಡ ತಿರುಗಿಕೊಂಡಿದೆ, ನನ್ನ ಕೈಲಾಗುವುದಿಲ್ಲ, ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಅವರ ಕೇರಿಯಲ್ಲಿ ಗಾಡಿ ಇಲ್ಲ. ಅವಳು ಗಾಡಿ ಕೊಡಿ ಎಂದು ಬಾಯಿಬಿಟ್ಟು ಕೇಳಲೂ ಇಲ್ಲ, ವಿಷಯ ಹೇಳಿ ಸುಮ್ಮನೆ ನಿಂತಳು.

ಕೆಳಗಿನ ಕೇರಿಯವರನ್ನು ನಮ್ಮ ಮನೆಯ ಗಾಡಿಗೆ ಹತ್ತಿಸಿದ್ದು ಆವರೆಗೆ ಇರಲಿಲ್ಲ. ಅತ್ತಿಗೆ, ನಿಮ್ಮಣ್ಣ ಬಂದರೆ ನನ್ನನ್ನು ಸುಮ್ಮನೆ ಬಿಡ್ತಾರಾ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಬಸುರಿಯ ಗಂಡನನ್ನು ಕರೆದುಕೊಂಡು ಹೋದವರು ನಾವು, ಒಳ್ಳೆಯ ಎತ್ತು ಹೊಡೆದುಕೊಂಡು ಹೋದವರೂ ನಾವು, ಈಗ ಬಾಗಿಲು ಹಾಕಿಕೊಳ್ಳುತ್ತೀಯಾ ಎಂದು ಅವಳ ಮೇಲೆ ರೇಗಿದೆ. ಅಣ್ಣನ ಮಗ ಹಳೆಯ ಗಾಡಿ ಎಳೆದು ಕಟ್ಟಿದ. ಹುಡುಗ ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಕೊಟ್ಟಿಗೆಯಲ್ಲಿ ಉಳಿದಿದ್ದದ್ದು ಒಂದು ಮುದಿಎತ್ತು, ಇನ್ನೊಂದು ಆ ಕೆಂದ. ಎರಡನ್ನೂ ಹೂಡಿದ.

ಹುಲ್ಲು ಹಾಸಿ ಹುಡುಗಿಯನ್ನು ಮಲಗಿಸಿದೆವು. ನಾನು ಅವಳ ತಲೆಯ ಹತ್ತಿರ, ಅವಳ ಅತ್ತೆ ಕಾಲಿನ ಹತ್ತಿರ, ಅಣ್ಣನ ಮಗ ಮುಂದೆ ಗಾಡಿಯ ಮೂಕಿಮರದ ಮೇಲೆ. ಹುಡುಗಿ ಕಿರುಚಲಿಲ್ಲ. ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ, ಉಗುರು ಇಳಿದು ರಕ್ತ ಬಂತು. ಊರು ದಾಟಿ ಸ್ವಲ್ಪ ದೂರ ಎತ್ತುಗಳು ಚೆನ್ನಾಗಿಯೇ ನಡೆದವು. ಹಳ್ಳದ ಮರಳು ದಾಟಿ ಆಚೆ ದಿಣ್ಣೆ ಏರುವಲ್ಲಿ ಕೆಂದ ನಿಂತಿತು.

ಅವನು ಹೇ ಎಂದ, ಬಾ ಎಂದ, ಬಾಲ ತಿರುಚಿದ. ಬಾರುಕೋಲಿನಿಂದ ಒಂದು ಕೊಟ್ಟ. ಎತ್ತು ಎಂದಿನಂತೆ ಮುಂಗಾಲು ಮಡಿಸಿ ಮಲಗಿತು. ನೊಗ ವಾಲಿತು, ಗಾಡಿ ಒಂದು ಕಡೆ ಜಗ್ಗಿತು, ಹುಡುಗಿಯ ಬಾಯಿಂದ ಒಂದು ದನಿ ಬಂತು. ಅಂಥ ದನಿಯನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅವನು ಕೆಳಕ್ಕೆ ಹಾರಿ ಮೂಗುದಾರ ಹಿಡಿದು ಜಗ್ಗಿದ. ಎತ್ತಿನ ಮೂಗಿನಲ್ಲಿ ರಕ್ತ ಬಂತು, ಅದು ಏಳಲಿಲ್ಲ.

ಯಾವ ಮಾತು ಅಂದರೆ ಅದು ಏಳುತ್ತದೆಂದು ಅವನಿಗೆ ಗೊತ್ತು, ನನಗೆ ಗೊತ್ತು. ಅವನು ಹಿಂದಕ್ಕೆ ತಿರುಗಿ ಒಮ್ಮೆ ಮುದುಕಿಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಬಾಯಿ ತೆರೆದ, ಮುಚ್ಚಿದ. ದಿನಕ್ಕೆ ನೂರು ಸಲ ನಾಲಿಗೆಯ ಮೇಲೆ ಕುಣಿಯುತ್ತಿದ್ದ ಮಾತು ಅವತ್ತು ಗಂಟಲಿನಿಂದ ಮೇಲೆ ಬರಲಿಲ್ಲ. ಇನ್ನು ನಾನು? ಅಷ್ಟು ದಿನ ಅವನ ಜೊತೆ ಆ ಮಾತಿಗಾಗಿ ಜಗಳವಾಡಿದ ನಾನು, ಅನ್ನು ಕಣ್ಲಾ, ಅಂದುಬಿಡು, ಹುಡುಗಿ ಸಾಯ್ತಾಳೆ ಎಂದು ಹೇಳಲು ತುಟಿ ಬಿಚ್ಚಿದ್ದೆ. ಅದೂ ಆಗಲಿಲ್ಲ. ಬಿಸಿಲು ಸುಡುತ್ತಿತ್ತು, ಹುಡುಗಿಯ ಹಿಡಿತ ನನ್ನ ಕೈಯಲ್ಲಿ ಸಡಿಲವಾಗುತ್ತ ಬಂತು.

ಮುದುಕಿ ಗಾಡಿಯಿಂದ ಇಳಿದಳು.

"ಸುಮ್ಗಿರಿ ಬುದ್ದಿ," ಎಂದಳು ಅವನಿಗೆ. "ನಾನೇ ಅಂತೀನಿ."

ಎತ್ತಿನ ಪಕ್ಕಕ್ಕೆ ಹೋಗಿ, ಅದರ ಬೆನ್ನ ಮೇಲೆ ಅಂಗೈ ಇಟ್ಟು, ತನ್ನ ಜಾತಿಯ ಹೆಸರನ್ನು ಗಟ್ಟಿಯಾಗಿ ಕೂಗಿದಳು. ನಮ್ಮ ಹುಡುಗರು ಎಳೆಯುತ್ತಿದ್ದ ರಾಗದಲ್ಲೇ ಕೂಗಿದಳು, ಅದೇ ಏರಿಳಿತ, ಕೊನೆಯಲ್ಲಿ ಅದೇ ಕೊಂಕು. ಸೊಪ್ಪು ಕೊಯ್ಯುತ್ತ ಎಷ್ಟು ದಿನ ಕೇಳಿದ್ದಳೋ. ಎತ್ತು ಕಿವಿ ನಿಮಿರಿಸಿತು, ಎದ್ದಿತು, ದಿಣ್ಣೆ ಏರಿತು.

ಅವಳು ಮತ್ತೆ ಗಾಡಿ ಹತ್ತಲಿಲ್ಲ. ಕೊಳ್ಳೇಗಾಲದವರೆಗೂ ಎತ್ತಿನ ಪಕ್ಕದಲ್ಲೇ ಓಡುನಡಿಗೆಯಲ್ಲಿ ಬಂದಳು. ಎತ್ತು ನಿಧಾನ ಮಾಡಿದಾಗಲೆಲ್ಲ ಕೂಗಿದಳು. ದಾರಿಯಲ್ಲಿ ಎದುರಾದವರು ನಿಂತು ನೋಡಿದರು, ಕೆಲವರು ನಕ್ಕರು. ಅಣ್ಣನ ಮಗ ಹಗ್ಗ ಹಿಡಿದು ತಲೆ ಬಗ್ಗಿಸಿ ಕೂತಿದ್ದ. ಅಳುತ್ತಿದ್ದನೆಂದು ಅವನ ಹೆಗಲು ನೋಡಿ ನನಗೆ ಗೊತ್ತಾಯಿತು. ಅಳಲಿ ಎಂದುಕೊಂಡೆ. ನನಗೆ ಅವನ ಮೇಲೆ ಮರುಕ ಬರಲಿಲ್ಲ, ಎದ್ದು ಬೆನ್ನಿಗೆ ಗುದ್ದಬೇಕೆನ್ನಿಸಿತು.

ಸಮಯಕ್ಕೆ ಸರಿಯಾಗಿ ಮುಟ್ಟಿದೆವು. ಇನ್ನೂ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ನರ್ಸಮ್ಮ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಅತ್ತಿತು. ನಾನು ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತು ಜೋರಾಗಿ ಅತ್ತೆ. ಅಣ್ಣನ ಮಗ ಮುದುಕಿಯ ಮುಂದೆ ಹೋಗಿ ನಿಂತ. ತಪ್ಪಾಯಿತು ಎಂದ. ನಮ್ಮ ಕೇರಿಯವರೊಬ್ಬರು ಅವಳಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳಿಗೆ ಗಾಬರಿಯಾಯಿತೇ ಹೊರತು ಸಂತೋಷವಾದಂತೆ ಕಾಣಲಿಲ್ಲ. ಸೆರಗಿನಿಂದ ಕಾಲಿನ ಧೂಳು ಕೊಡವಿಕೊಂಡಳು.

"ತಪ್ಪು ಗಿಪ್ಪು ಏನೂ ಬ್ಯಾಡ ಬುದ್ದಿ," ಎಂದಳು ಆಮೇಲೆ. "ಕೂಸ್ನ ಊರ್ಗ ಕರ್ಕಂಡೋಗಕ್ಕ ಬರವಾಗ ಆ ಎತ್ತ ಕಟ್ಕಂಡು ಬರ್ಬ್ಯಾಡಿ. ನಾನು ಬೇಕಾದಷ್ಟು ಕೇಳಿವ್ನಿ. ಊರ್ಗ ಬರ ದಾರೀಲೇ ಈ ಕೂಸು ಅದ್ನ ಕೇಳದು ಬ್ಯಾಡ."

ಅವನು ಆಯಿತು ಎಂದು ತಲೆಯಾಡಿಸಿದ.

ಅಣ್ಣ ಬಂದವನು ಸಿಟ್ಟಿನಿಂದ ಕುಣಿದಾಡಿಬಿಟ್ಟ. ಗಾಡಿ ತೊಳೆಸಿದ, ಅತ್ತಿಗೆಯನ್ನು ಬೈದ, ನನ್ನನ್ನು ಬೈದ, ನಾನೂ ಬಿಡಲಿಲ್ಲ. ಕೂಸನ್ನು ಕರೆತರಲು ಒಳ್ಳೆಯ ಜೋಡಿ ಕೊಡು ಎಂದು ಮಗ ಕೇಳಿದಾಗ, ಆ ಗಾಡಿ ಹೇಗೂ ಮೈಲಿಗೆಯಾಗಿದೆ, ಆ ಕೆಂದನನ್ನೇ ಕಟ್ಟಿಕೊಂಡು ಹೋಗು, ಇಲ್ಲದಿದ್ದರೆ ಅವರು ನಡೆದುಕೊಂಡು ಬರಲಿ ಎಂದುಬಿಟ್ಟ. ಹೆತ್ತು ವಾರವೂ ಆಗದ ಹುಡುಗಿ ಅಷ್ಟು ದೂರ ನಡೆಯುವುದೇ?

ಹುಡುಗ ಆ ದಿನಗಳಲ್ಲಿ ಗೆಳೆಯರ ಜೊತೆ ಜಗಲಿಗೆ ಹೋಗಲಿಲ್ಲ. ಹುರುಳಿ ಬೇಯಿಸಿ ಕೊಡು ಅತ್ತೆ ಎಂದು ನನ್ನ ಹತ್ತಿರ ಬಂದ. ಹೊಲದ ಮೂಲೆಯಲ್ಲಿ ಕೆಂದನ ಮುಂದೆ ನಿಂತು, "ಬಾರಪ್ಪ, ಬಾರಪ್ಪ" ಎಂದು ಗಂಟಲು ಕಟ್ಟುವವರೆಗೂ ಕೂಗುತ್ತಿದ್ದ. ಎತ್ತು ಅವನ ಮುಖ ನೋಡುತ್ತಿತ್ತು. ಕೊನೆಕೊನೆಗೆ ಹತ್ತಕ್ಕೆ ಏಳು ಸಲ ಎದ್ದು ಬರುತ್ತಿತ್ತು. ಇಷ್ಟೆಲ್ಲ ಮಾಡುತ್ತಿದ್ದವನನ್ನು ನೋಡಿ ನನ್ನ ಸಿಟ್ಟು ಕರಗಿತು, ದಿನವೂ ಒಂದು ಹಿಡಿ ಹೆಚ್ಚೇ ಬೇಯಿಸಿದೆ.

ಕೂಸನ್ನು ಕರೆತರುವ ದಿನ ನಾನೂ ಹೋದೆ. ಕೆಂದನನ್ನು ಕಂಡು ಮುದುಕಿಯ ಮುಖ ಇಳಿಯಿತು. ಅವನು ನಾಚಿಕೊಂಡು, ಈಗ ಬೇರೆ ಮಾತು ಕಲಿತಿದೆ ಎಂದ. ಅವನು ಗಾಡಿ ಹತ್ತಲೇ ಇಲ್ಲ, ದಾರಿಯುದ್ದಕ್ಕೂ ಎತ್ತಿನ ಮುಂದೆ ಹುರುಳಿಯ ಚೀಲ ಹಿಡಿದು ಹಿಂದುಹಿಂದಕ್ಕೆ ನಡೆದ. ನಿಂತಾಗಲೆಲ್ಲ ಬಾರಪ್ಪ ಎಂದ, ಎತ್ತು ಬಂತು. ಹಳ್ಳದ ದಿಣ್ಣೆ ದಾಟುವಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ದಾಟಿತು. ಬಾಣಂತಿ ನಕ್ಕಳು. ಮುದುಕಿ ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿ, ಅದೋ ನಮ್ಮೂರು ಎಂದು ತೋರಿಸಿದಳು.

ದನ ಮನೆಗೆ ಬರುವ ಹೊತ್ತು. ಊರಬಾಗಿಲ ಕಟ್ಟೆಯ ಮೇಲೆ ಅವನ ಗೆಳೆಯರು ಕೂತಿದ್ದರು. ಕಟ್ಟೆಯ ಎದುರಿಗೇ ಕೆಂದ ನಿಂತುಬಿಟ್ಟಿತು. ಅವನು ಚೀಲಕ್ಕೆ ಕೈಹಾಕಿದ, ಹುರುಳಿ ಮುಗಿದಿತ್ತು. ಬಾರಪ್ಪ ಎಂದ. ಇನ್ನೊಮ್ಮೆ, ಬಾರಪ್ಪ. ಕಟ್ಟೆಯ ಮೇಲಿನವರು ಗೊಳ್ಳೆಂದು ನಕ್ಕರು. ಬೇಡ, ಅನ್ನಬೇಡಿ ಎಂದು ಅವನು ಎರಡೂ ಕೈ ಎತ್ತಿ ಓಡಿದ. ಅಷ್ಟರಲ್ಲಿ ಅವರೆಲ್ಲ ಒಟ್ಟಿಗೇ, ಅದೇ ರಾಗದಲ್ಲಿ, ಆ ಮಾತನ್ನು ಕೂಗಿದರು.

ಎತ್ತು ಕಿವಿ ನಿಮಿರಿಸಿಕೊಂಡು ಓಡಿತು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಬೈದೆವೆಂದು ಅವರಿಗೆ ಗೊತ್ತೇ ಇರಲಿಲ್ಲ. ಸಹಾಯ ಮಾಡಿದೆವೆಂದು ನಗುತ್ತ ನಮ್ಮತ್ತ ಕೈ ಬೀಸುತ್ತಿದ್ದರು. ಗಾಡಿಯೊಳಗೆ ಮುದುಕಿ ಕೂಸಿನ ಎರಡೂ ಕಿವಿಗಳನ್ನು ಅಂಗೈಗಳಿಂದ ಮುಚ್ಚಿದ್ದಳು, ತಮ್ಮ ಕೇರಿ ಬರುವವರೆಗೂ ತೆಗೆಯಲಿಲ್ಲ.