ಬುಡೇನ್ ಸಾಬರ ಸುಣ್ಣದ ಗೆರೆ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ತುಮಕೂರಿನ ಮೊದಲ ಬಸ್ಸು ಹಾರನ್ ಹೊಡೆಯಿತೆಂದರೆ ಬುಡೇನ್ ಸಾಬರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬಾಯಲ್ಲಿ ಸೀಟಿ, ಕಂಕುಳಲ್ಲಿ ಪುರಸಭೆಯ ದಂಡದ ರಸೀತಿ ಪುಸ್ತಕ. ಗಾಡಿಗಳು ಇದರೊಳಗೇ ನಿಲ್ಲಲೆಂದು ಬೆಳಗ್ಗೆ ತಾವೇ ಎಳೆದ ಸುಣ್ಣದ ಗೆರೆಯನ್ನು ಸೈಕಲ್ಲಾಗಲಿ ಎತ್ತಿನ ಗಾಡಿಯಾಗಲಿ ಬೆರಳುದ್ದ ದಾಟಿದರೂ, "ಲೇ, ಗೆರೆ ಕಾಣಕಿಲ್ವೇನ್ಲಾ? ತೆಗಿ ನಾಕಾಣೆ!" ಬಸ್ಸು ಹಿಡಿಯಲು ಓಡುವವರ ಹಿಂದೆಯೇ ಓಡಿ, ಕಿಟಕಿಯಲ್ಲಿ ರಸೀತಿ ತೂರಿಸುತ್ತಾರೆ. ಅಮಲ್ದಾರರ ಜವಾನನನ್ನೂ ಬಿಟ್ಟವರಲ್ಲ, ಸ್ವಂತ ಭಾವಮೈದುನನನ್ನೂ ಬಿಟ್ಟವರಲ್ಲ. "ಗೆರೆ ಅಂದ್ರೆ ಗೆರೆ ಕಣಪ್ಪ!" ಆದರೆ ಕಾಯಿಲೆಯ ಹೆಂಡತಿಯನ್ನು ಬಸ್ಸು ಹತ್ತಿಸಿಕೊಂಡು ತುಮಕೂರಿನ ದೊಡ್ಡಾಸ್ಪತ್ರೆಗೆ ಓಡಿದ ಕದರಪ್ಪನ ಸೈಕಲ್ಲು ಹನ್ನೊಂದು ದಿನದಿಂದ ಗೆರೆ ದಾಟಿಯೇ ನಿಂತಿದೆ. ದಿನಾ ಬೆಳಗ್ಗೆ ಸಾಬರು ಅದರ ಧೂಳು ಒರೆಸಿ, ಸುಣ್ಣದ ಗೆರೆಯನ್ನು ಅದರ ಆಚೆಯಿಂದ ಬಳಸಿ ಎಳೆಯುತ್ತಾರೆ.