ಎಡಗೈ ಬ್ರಾಕೆಟ್ಟು

ಬಿಬಿಡಿ ಬಾಗ್‌ನ ಹಿಂದಿನ ಗಲ್ಲಿಯ ಮೂರನೆಯ ಮಹಡಿಯಲ್ಲಿರುವ ನಮ್ಮ ಆಫೀಸಿಗೆ ಸೇರಿದ ಮೊದಲ ವಾರದಲ್ಲೇ ನಾನು ಮೂರು ಜನರ ದನಿ ಅಣಕಿಸಲು ಕಲಿತೆ. ಲಿಫ್ಟಿನವನದು, ಬಾಸ್‌ನದು, ದಾದುವಿನದು. ಕೆಲಸ ಕಲಿಯಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಇನ್ನೂ ಹಿಡಿಯುತ್ತಲೇ ಇದೆ ಎನ್ನುವವರೂ ಇದ್ದಾರೆ.

ದಾದು ಎಂದರೆ ಇಲ್ಲಿನ ಬಂಗಾಳಿಗಳ ಬಾಯಲ್ಲಿ ಅಜ್ಜ. ನಮ್ಮ ಆಫೀಸಿನ ದಾದು ನಿವೃತ್ತರಾದ ಮೇಲೂ ಕಾಂಟ್ರಾಕ್ಟಿನ ಮೇಲೆ ಬರುತ್ತಿದ್ದ ಹಳೆಯ ಡ್ರಾಫ್ಟ್ಸ್‌ಮನ್. ಪ್ರತಿ ವರ್ಷ ದುರ್ಗಾಪೂಜೆಯ ರಜೆಗೆ ಮೊದಲು ಆ ಕಾಂಟ್ರಾಕ್ಟನ್ನು ಬಾಸ್ ಮುಂದುವರಿಸಬೇಕು. ನಾನು ಹುಬ್ಬಳ್ಳಿಯಿಂದ ಬಂದ ಡಿಪ್ಲೊಮಾ. ನನ್ನ ಕೆಲಸ, ಹೂಗ್ಲಿ ದಂಡೆಯ ಒಂದು ಸೆಣಬಿನ ಗಿರಣಿಯ ಹಳೆಯ ಯಂತ್ರಗಳ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವುದು. ದಾದುವಿನ ಕೆಲಸ, ನಾನು ಏರಿಸಿದ್ದನ್ನು ಪರೀಕ್ಷಿಸಿ ಬೈಯುವುದು.

ನಕ್ಷೆಗಳಿದ್ದ ಕಬ್ಬಿಣದ ಕಪಾಟಿಗೆ ಐದು ಖಾನೆ. ತೀರಾ ಕೆಳಗೆ ಟ್ರೇಸಿಂಗ್ ಬಟ್ಟೆ, ಗಂಜಿ ಹಾಕಿದ ನುಣುಪು ಬಟ್ಟೆಯ ಮೇಲೆ ಮಸಿಯ ಗೆರೆ. ಅದರ ಮೇಲೆ ನೀಲಿ ಕಾಗದದಲ್ಲಿ ಬಿಳಿ ಗೆರೆಯ ಬ್ಲೂಪ್ರಿಂಟ್. ಆಮೇಲೆ ಅಮೋನಿಯಾ ನಾರುವ ಪ್ರಿಂಟು, ಆಮೇಲೆ ಪ್ಲಾಸ್ಟಿಕ್ಕಿನ ಹಾಳೆ. ಎಲ್ಲಕ್ಕೂ ಮೇಲೆ ಒಂದು ಹಾರ್ಡ್ ಡಿಸ್ಕು ಮತ್ತು ಯಾರದೋ ಟಿಫಿನ್ ಡಬ್ಬಿ. ನೂರು ವರ್ಷದ ಇತಿಹಾಸ ಬೇಕೆಂದರೆ ಹಿಂದೆ ಹೋಗಬೇಕಾಗಿಲ್ಲ, ಬಗ್ಗಿದರೆ ಸಾಕು. ನಾನು ಬಗ್ಗುತ್ತಿದ್ದೆ, ದಾದು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು. ನಮ್ಮ ಮಾತು ಹಿಂದಿ, ಬಂಗಾಳಿ, ಇಂಗ್ಲಿಷಿನ ಕಿಚಡಿ. ನಿಮಗಾಗಿ ಕನ್ನಡದಲ್ಲಿ ಬಡಿಸುತ್ತಿದ್ದೇನೆ.

"ಆ ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಿದರೆ ಗಂಜಿ ಬಿಟ್ಟುಹೋಗಿ ಮಸ್ಲಿನ್ ಆಗುತ್ತೆ ನೋಡು. ನಮ್ಮ ಹಿರಿಯರೊಬ್ಬರು ಮಗುವಿಗೆ ಅಂಗಿ ಹೊಲಿಸಿದರು. ಮಗು ಅಂಬೆಗಾಲಿಟ್ಟರೆ ಬೆನ್ನ ಮೇಲೆ ಅರ್ಧ ಪಂಪಿನ ನಕ್ಷೆ ಕಾಣೋದು."

ಆ ಕಾಲದಲ್ಲಿ ಟ್ರೇಸರ್ ಎಂಬ ಹುದ್ದೆಯಿತ್ತಂತೆ. ಎಂಜಿನಿಯರ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಬಟ್ಟೆ ಹಾಸಿ, ಗೆರೆಗೆ ಗೆರೆ ಮಸಿಯಲ್ಲಿ ತಿದ್ದುವವನು. ಯಂತ್ರ ಅವನಿಗೆ ಅರ್ಥವಾಗಬೇಕೆಂದೇನೂ ಇಲ್ಲ, ನಕಲು ಸರಿಯಿದ್ದರಾಯಿತು.

"ದಾದು, ಹಾಗಾದರೆ ನಾನು ಹುಟ್ಟಾ ಟ್ರೇಸರ್," ಎಂದೆ, ಅವರದೇ ಗೊಗ್ಗರು ದನಿಯಲ್ಲಿ.

"ಟ್ರೇಸರ್‌ಗೆ ಬಾಯಿ ಇರುತ್ತಿರಲಿಲ್ಲ," ಎಂದರು ದಾದು, ನನ್ನದೇ ದನಿಯಲ್ಲಿ ಅಲ್ಲದಿದ್ದರೂ ನನ್ನದೇ ಮೊನಚಿನಲ್ಲಿ.

ನಾನು ಬರೀ ದನಿಗೆ ನಿಲ್ಲುವವನಲ್ಲ. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಎರಡು ಚೌಕಗಳಿರುತ್ತವೆ: ಬರೆದವರು, ಪರೀಕ್ಷಿಸಿದವರು. ಎರಡನೆಯದರಲ್ಲಿ ದಾದು ಹಾಕುತ್ತಿದ್ದ ಗುರುತು ಎರಡು ಅಕ್ಷರ, ಕೆಳಗೊಂದು ಸುಳಿ. ಊಟದ ಹೊತ್ತಿಗೆ ಉಡುಪಿ ಮಾವನ ಹೋಟೆಲಿನ ಬಿಲ್ಲಿನ ಹಿಂದೆ ಅದನ್ನು ಬರೆದು ಬರೆದು, ಪೂಜೆಗೆ ತಿಂಗಳಿರುವಾಗ ಪಕ್ಕಾ ಮಾಡಿಕೊಂಡಿದ್ದೆ. ಮಾವ ನನಗೆ ಸಂಬಂಧಿಕನಲ್ಲ. ಈ ಊರಿನಲ್ಲಿ ಕನ್ನಡದಲ್ಲಿ ಬೈಯಲು ನನಗಿದ್ದ ಏಕೈಕ ವ್ಯಕ್ತಿ.

ಒಂದು ಸಂಜೆ ಗಿರಣಿಯಿಂದ ಅವಸರ ಬಂತು. ಒಂದು ಯಂತ್ರದ ಬ್ರಾಕೆಟ್ಟು, ಅಂದರೆ ಶಾಫ್ಟನ್ನು ಎತ್ತಿಹಿಡಿಯುವ ಎರಕದ ಕೈ, ಸೀಳಿತ್ತು. ನಕ್ಷೆ ಆ ಸಂಜೆಯೇ ಹೌರಾದ ಎರಕದವನಿಗೆ ತಲುಪಬೇಕು. ಬಟ್ಟೆಯ ಮೇಲಿದ್ದ ಹಳೆಯ ನಕ್ಷೆಯನ್ನು ನಾನು ಏರಿಸಿ ಮುಗಿಸುವಷ್ಟರಲ್ಲಿ ದಾದು ಸಿಯಾಲ್ದಾದ ಲೋಕಲ್ ಹಿಡಿಯಲು ಹೊರಟುಹೋಗಿದ್ದರು. ಆ ರೈಲನ್ನು ಅವರು ಮದುವೆಯ ದಿನವೂ ತಪ್ಪಿಸಿಕೊಂಡಿರಲಿಕ್ಕಿಲ್ಲ.

ಬಾಸ್ ಬಾಗಿಲಿನಿಂದ ಕೇಳಿದರು: "ಚೆಕ್ ಆಯ್ತಾ?"

"ಆಗ್ತಾ ಇದೆ ಸರ್."

ಆಯಿತು. ಪ್ರಿಂಟಿನ ಎರಡನೆಯ ಚೌಕದಲ್ಲಿ ಎರಡು ಅಕ್ಷರ, ಒಂದು ಸುಳಿ. ನನ್ನ ಕೈಚಳಕಕ್ಕೆ ನಾನೇ ತಲೆದೂಗಿ ನಕ್ಷೆ ಕಳಿಸಿದೆ.

ಹನ್ನೆರಡು ದಿನದ ಮೇಲೆ ಎರಕದ ಬ್ರಾಕೆಟ್ಟು ಗಿರಣಿಗೆ ಹೋಗಿ, ಅದೇ ಮಧ್ಯಾಹ್ನ ನಕ್ಷೆಯ ಸಮೇತ ನಮ್ಮ ಆಫೀಸಿಗೆ ಬಂತು. ಅಳತೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಬಲಗೈಯಾಗಬೇಕಿದ್ದದ್ದು ಎಡಗೈಯಾಗಿತ್ತು. ಕನ್ನಡಿಯಲ್ಲಿ ನೋಡಿದರೆ ಅತ್ಯುತ್ತಮ ಬ್ರಾಕೆಟ್ಟು.

ತಪ್ಪೇನೆಂದು ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಮೇಜಿನ ಮೇಲೊಂದು ಹಿಡಿಯಿರುವ ಲೋಟ ಇಡಿ. ಮುಂದಿನಿಂದ ಕಂಡದ್ದನ್ನು ನಡುವೆ ಬರೆಯಿರಿ. ಎಡದಿಂದ ಕಂಡದ್ದನ್ನು ಎಲ್ಲಿ ಬರೆಯುತ್ತೀರಿ? ಎಡಕ್ಕೆ, ಎನ್ನುತ್ತದೆ ಒಂದು ಪದ್ಧತಿ. ಬಲಕ್ಕೆ, ಎನ್ನುತ್ತದೆ ಹಳೆಯ ಬ್ರಿಟಿಷ್ ಪದ್ಧತಿ, ವಸ್ತುವಿನ ನೆರಳು ಆಚೆಗೆ ಬಿದ್ದಂತೆ. ಎರಡೂ ಸರಿ, ಒಂದನ್ನು ಇನ್ನೊಂದೆಂದು ಓದಿದರೆ ಮಾತ್ರ ಎಡಗೈ ಬಲಗೈಯಾಗುತ್ತದೆ. ಈಗಿನ ನಕ್ಷೆಗಳಲ್ಲಿ ಯಾವ ಪದ್ಧತಿಯೆಂದು ಹೇಳಲು ತುದಿ ಕತ್ತರಿಸಿದ ಶಂಕುವಿನ ಪುಟ್ಟ ಚಿಹ್ನೆಯಿರುತ್ತದೆ. ಆ ಬಟ್ಟೆಯ ಮೇಲೆ ಇರಲಿಲ್ಲ. ಬರೆದವನ ಕೋಣೆಯಲ್ಲಿ ಎಲ್ಲರಿಗೂ ಪದ್ಧತಿ ಗೊತ್ತಿದ್ದದ್ದೇ. ಎಷ್ಟೋ ವರ್ಷಗಳ ನಂತರ ಹುಬ್ಬಳ್ಳಿಯ ಒಬ್ಬ ಮೇಧಾವಿ ಬಂದು ಓದುತ್ತಾನೆಂದು ಆ ಪುಣ್ಯಾತ್ಮ ಎಣಿಸಿರಲಿಲ್ಲ. ಆ ಮೇಧಾವಿ ಹಳೆಯ ಬ್ರಿಟಿಷ್ ಪದ್ಧತಿಯ ನಕ್ಷೆಗೆ ಇನ್ನೊಂದರ ಚಿಹ್ನೆ ಹಾಕಿ ಕಳಿಸಿದ್ದ. ದಾದು ಆಗಿದ್ದರೆ ಎರಡು ಕ್ಷಣದಲ್ಲಿ ಹಿಡಿಯುತ್ತಿದ್ದರು.

ಬಾಸ್ ಕೂಡ ಹಾಗೇ ಯೋಚಿಸಿದರು, ತಿರುಗುಮುರುಗಾಗಿ. "ದಾದು, ನೀವು ನೋಡಿಯೂ ಇದು ದಾಟಿಹೋಯಿತೆಂದರೆ..." ಎಂದು ನಕ್ಷೆಯ ಮೂಲೆಯ ಸುಳಿಯ ಮೇಲೆ ಬೆರಳಿಟ್ಟರು. ಮುಂದಿನದನ್ನು ಬಹಳ ಮೆತ್ತಗೆ ಹೇಳಿದರು: ಈ ವರ್ಷಕ್ಕೆ ಸಾಕು, ಇನ್ನು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ.

ದಾದು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈಗ ಕೂಗಾಡುತ್ತಾರೆ, ನಾನು ಸಿಕ್ಕಿಬೀಳುತ್ತೇನೆ, ಒಂದು ಬಗೆಯಲ್ಲಿ ನೆಮ್ಮದಿ ಎಂದುಕೊಂಡೆ. ಅವರು ಹೇಳಿದ್ದು ಇಷ್ಟೇ: "ನೋಡಿದ ನೆನಪೇ ಇಲ್ಲ. ಆದರೆ ಕೈ ನನ್ನದೇ."

ಮಿಮಿಕ್ರಿಯವನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ. ನಕಲಿಗೆ ಒಳಗಾದವನೇ ನಂಬಿಬಿಟ್ಟ! ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾದು ತಮ್ಮ ಮೇಜಿಗೆ ಹೋಗಿ ಅಳತೆಪಟ್ಟಿ ತೆಗೆದರು. ಎಡಗಣ್ಣು ಮುಚ್ಚಿ ಅದರ ಸಣ್ಣ ಗೆರೆಗಳನ್ನು ಎಣಿಸಿದರು, ಆಮೇಲೆ ಬಲಗಣ್ಣು ಮುಚ್ಚಿ ಎಣಿಸಿದರು. ಮತ್ತೆ ಮೊದಲಿನಿಂದ.

ನಾನು ಊಟಕ್ಕೆ ಹೋದೆ. ಇಂಥ ಹೊತ್ತಿನಲ್ಲೂ ಹಸಿವಾಗುತ್ತದೆ ಎಂಬುದು ನನ್ನ ಬಗ್ಗೆ ನಾನು ಮುಚ್ಚಿಡದ ಸಂಗತಿ. ಮಾವನಿಗೆ ಎಲ್ಲ ಹೇಳಿದೆ, ದಾದು ಕಣ್ಣು ಮುಚ್ಚಿ ಎಣಿಸಿದ್ದನ್ನು ಮಾಡಿಯೂ ತೋರಿಸಿದೆ. ಬೇರೆ ದಿನವಾದರೆ ಗಲ್ಲಾಪೆಟ್ಟಿಗೆಯ ಹಿಂದೆ ಬಿದ್ದು ಬಿದ್ದು ನಗುವ ಮನುಷ್ಯ ಸಾಂಬಾರಿನ ಸೌಟು ಹಿಡಿದೇ ನಿಂತ.

"ಎಂತ ಮಾರಾಯ, ನಿಂಗೆ ತಲೆ ಉಂಟಾ? ಆ ಅಜ್ಜಂಗೆ ಈಗ ತನ್ನ ಕಣ್ಣಿನ ಮೇಲೇ ಅನುಮಾನ."

"ನೌಕರಿ ಹೋದ್ರ ಹೆಂಗ್ ಮಾಡ್ಲಿ ಮಾವಾ?"

"ನಿಂಗೆ ಇಪ್ಪತ್ನಾಲ್ಕು. ಬೇರೆ ಸಿಗ್ತದೆ. ಅವ್ರಿಗೆ ಬೇರೆ ಕಣ್ಣು ಸಿಗ್ತದಾ? ಏಳು. ಕೈ ತೊಳ್ಕೊ, ಹೋಗಿ ಹೇಳು."

"ಮಜ್ಜಿಗಿ?"

"ಹೇಳಿ ಬಂದ ಮೇಲೆ ಮಜ್ಜಿಗೆ."

ಹೋಗಿ ಹೇಳಿದೆ. ಬಾಸ್‌ನ ಕೋಣೆ, ದಾದು ಎದುರಿಗೆ, ಮೇಜಿನ ಮೇಲೆ ಎಡಗೈ ಬ್ರಾಕೆಟ್ಟು. "ಸರ್, ಆ ಗುರುತು ನಾನು ಹಾಕಿದ್ದು. ದಾದು ಆ ನಕ್ಷೆ ನೋಡೇ ಇಲ್ಲ."

ಬಾಸ್ ನಕ್ಕರು. ಎಲ್ಲರನ್ನೂ ಅಣಕಿಸುವವನು ನಿಜ ಹೇಳಿದರೆ ಅದನ್ನು ಅಣಕವೆಂದೇ ತಿಳಿಯುತ್ತಾರೆ. "ಹಾಗಾದರೆ ಹಾಕಿ ತೋರಿಸು," ಎಂದು ಕಾಗದ ತಳ್ಳಿದರು.

ಬಿಲ್ಲುಗಳ ಹಿಂದೆ ನೂರಾರು ಸಲ ಬರೆದಿದ್ದ ಕೈ ಕೈಕೊಟ್ಟಿತು. ಅಕ್ಷರಗಳು ಮಳೆಗೆ ಸಿಕ್ಕ ಇರುವೆಗಳಂತೆ ಚೆದುರಿದವು, ಸುಳಿ ಆಲೂಗಡ್ಡೆಯಾಯಿತು. ಇನ್ನೊಮ್ಮೆ ಬರೆದೆ. ಇನ್ನೊಂದು ಆಲೂಗಡ್ಡೆ.

ಬಾಸ್‌ನ ಮುಖ ಕರಗಿತು. "ಹಿರಿಯರನ್ನು ಉಳಿಸಲು ತಪ್ಪು ಮೈಮೇಲೆ ಎಳೆದುಕೊಳ್ಳುತ್ತಿದ್ದೀಯ. ಒಳ್ಳೆಯ ಹುಡುಗ."

ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಒಳ್ಳೆಯ ಹುಡುಗ ಎಂದರು, ಅದೂ ತಪ್ಪು ತಿಳಿದು. ಸುಮ್ಮನಿದ್ದುಬಿಡು ಎಂದು ಒಳಗಿನಿಂದ ಒಂದು ದನಿ ಹೇಳಿತು. ಅದನ್ನು ಯಾರಿಂದ ಕಲಿತದ್ದೂ ಅಲ್ಲ, ಅಪ್ಪಟ ನನ್ನದೇ.

ಅಷ್ಟರಲ್ಲಿ ದಾದು ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದರು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು.

"ಮಣಿಕಟ್ಟಿನಿಂದ ಯಾಕೆ ಬರೀತೀಯ, ಕತ್ತೆ? ಮೊಣಕೈಯಿಂದ ಎಳಿ."

"ದಾದು..."

"ಮಾತಾಡಬೇಡ. ಪೆನ್ನು ನೆಟ್ಟಗೆ ಹಿಡಿ. ಸುಳಿ ಬರುವಾಗ ಉಸಿರು ಬಿಡು."

ತಮ್ಮ ಗುರುತನ್ನು ಕದಿಯುವುದು ಹೇಗೆಂದು ಅವರೇ ಕಲಿಸುತ್ತಿದ್ದರು. ನಾನು ಮೊಣಕೈಯಿಂದ ಎಳೆದೆ, ಉಸಿರು ಬಿಟ್ಟೆ. ಬಂತು. ಇನ್ನೊಂದು ಬರೆದೆ, ಅದೂ ಬಂತು. ಬಾಸ್ ನಕ್ಷೆಯ ಮೂಲೆಯನ್ನೂ ಕಾಗದವನ್ನೂ ಅಕ್ಕಪಕ್ಕ ಇಟ್ಟರು. ನಗು ನಿಂತಿತ್ತು. ದಾದು ಭೂತಗನ್ನಡಿ ಇಟ್ಟು ಎರಡನ್ನೂ ನೋಡಿ, ಎದ್ದು ನಿಂತುಬಿಟ್ಟರು.

"ಅಂದರೆ ನಾನು ನೋಡಿಲ್ಲ!" ಎಂದರು. ಲಾಟರಿ ಹೊಡೆದವರ ದನಿ ಅದು. "ನಾನು ನೋಡಿಯೇ ಇಲ್ಲ! ಕೇಳಿದಿರಾ? ನನ್ನ ಕಣ್ಣಿಗೆ ಇದು ಬಿದ್ದೇ ಇಲ್ಲ!" ಆಮೇಲೆ ನನ್ನ ಹಿಂದಲೆಗೆ ಒಂದು ಬಿಟ್ಟರು. ಅಳತೆಗೆ ತಕ್ಕಂತೆ, ನೇರ.

ಅವರ ಕಾಂಟ್ರಾಕ್ಟು ಮುಂದುವರಿಯಿತು. ನನ್ನ ಕೆಲಸ ಖಾಯಂ ಆಗುವುದು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಗಿರಣಿಗೆ ಕ್ಷಮಾಪಣೆಯ ಪತ್ರವನ್ನು ಬಾಸ್‌ನ ಹೆಸರಿನಲ್ಲಿ ಬಾಸ್‌ನ ಧಾಟಿಯಲ್ಲಿ ನಾನೇ ಬರೆದೆ. ಆ ಒಂದು ನಕಲಿಗೆ ಅಪ್ಪಣೆಯಿತ್ತು. ಮಜ್ಜಿಗೆ ಎರಡು ಲೋಟ ಸಿಕ್ಕಿತು.

ದಾದುವಿನ ಶಿಕ್ಷೆ ಬೇರೆ. ಕೆಳಗಿನ ಖಾನೆಯಲ್ಲಿ ಉಳಿದಿದ್ದ ಖಾಲಿ ಟ್ರೇಸಿಂಗ್ ಬಟ್ಟೆಯ ಕೊನೆಯ ತುಂಡನ್ನು ತೆಗೆದು ಹಲಗೆಗೆ ಬಿಗಿದರು. ಅದೇ ಬ್ರಾಕೆಟ್ಟು, ಕೈಯಿಂದ, ಮಸಿಯಲ್ಲಿ. ಮೊದಲು ಮೂಲೆಯಲ್ಲಿ ಶಂಕುವಿನ ಚಿಹ್ನೆ, ಆಮೇಲೆ ಉಳಿದದ್ದು. ಒಂದು ಗೆರೆ ತಪ್ಪಿದರೆ ಬ್ಲೇಡಿನಿಂದ ಹೆರೆದು, ಉಗುರಿನಿಂದ ಉಜ್ಜಿ, ಮತ್ತೆ. ಒಂಬತ್ತು ಮಧ್ಯಾಹ್ನ ಹಿಡಿಯಿತು. ಆರನೆಯ ದಿನದ ಹೊತ್ತಿಗೆ, ಬಾಯಿಲ್ಲದ ಆ ಟ್ರೇಸರ್‌ಗಳು ಮನಸ್ಸಿನಲ್ಲಿ ಯಾರ್ಯಾರಿಗೆ ಏನೇನು ಬೈದಿರಬಹುದೆಂದು ಪೂರ್ತಿ ತಿಳಿಯಿತು.

ಮುಗಿದ ದಿನ ದಾದು ಪರೀಕ್ಷೆಗೆ ಕೂತರು. ಎರಡು ತಪ್ಪು ಹಿಡಿದರು, ಹೆರೆಸಿದರು. ಸಿಯಾಲ್ದಾದ ಲೋಕಲ್ ಹೊರಡುವ ಹೊತ್ತು ಬಂತು, ಹೋಯಿತು, ಅವರು ಗಡಿಯಾರದತ್ತ ತಲೆಯೆತ್ತಲಿಲ್ಲ. ಕಡೆಗೆ ಎರಡನೆಯ ಚೌಕದಲ್ಲಿ ಮೊಣಕೈಯಿಂದ ಎಳೆದು ಗುರುತು ಹಾಕಿದರು.

ನಾನು ಬಗ್ಗಿ ನೋಡಿದೆ. ಸುಳಿ ಮೊದಲಿನಂತೆ ಕೂಡಿಕೊಂಡಿರಲಿಲ್ಲ. ಕೊನೆಯಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟಿದ್ದರು. ಆವತ್ತಿನಿಂದ ಎಲ್ಲ ನಕ್ಷೆಗಳಲ್ಲೂ ಆ ಸಂದು ಇದೆ, ಪ್ರತಿ ಸಲವೂ ಬೇರೆ ಜಾಗದಲ್ಲಿ. ಅದನ್ನು ನಕಲು ಮಾಡಲು ನನಗೆ ಇದುವರೆಗೂ ಬಂದಿಲ್ಲ. ಪ್ರಯತ್ನವನ್ನೇ ಮಾಡಿಲ್ಲ ಎಂದರೆ ನೀವು ನಂಬುವುದಿಲ್ಲ. ಮಾವನೂ ನಂಬುವುದಿಲ್ಲ, ಊಟವಾದ ಮೇಲೆ ಬಿಲ್ಲನ್ನು ತಿರುಗಿಸಿ ನೋಡಿಯೇ ದುಡ್ಡು ತೆಗೆದುಕೊಳ್ಳುತ್ತಾನೆ.