ಎತ್ತರಕ್ಕೆ ಕಟ್ಟಿದ ಸರಪಳಿ

ದ್ವಾರಕಾದ ನಮ್ಮ ಮನೆಯಲ್ಲಿ ಮಗಳು ಟಿವಿಯಲ್ಲಿ ಕಾರ್ ರೇಸಿನ ಆಟ ಆಡುತ್ತಿದ್ದಳು. ಗೋಡೆಗೆ ಗುದ್ದಿದ ಕಾರು ಮೂತಿ ಮೇಲೆತ್ತಿ ಹಿಂದಕ್ಕೆ ಮಗುಚಿತು, ಆಮೇಲೆ ತಾನಾಗಿಯೇ ಎದ್ದು ಓಡಿತು.

"ಬಕ್ವಾಸ್ ಗೇಮ್ ಅಮ್ಮಾ! ಹೀಗೆಲ್ಲಾ ಆಗುತ್ತಾ?" ಎಂದು ನಕ್ಕಳು.

ಮೂತಿ ಮೇಲೆತ್ತುವುದನ್ನು ಚಿಕ್ಕವಳಿದ್ದಾಗ ನಮ್ಮ ಹಳ್ಳಿಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಆಯುಧಪೂಜೆ. ಕೆಸರಿನಲ್ಲಿ ಹೂತಿದ್ದ ಕಬ್ಬಿನ ಗಾಡಿ ಎಳೆಯಲು ಚಿಕ್ಕಪ್ಪ ಟ್ರ್ಯಾಕ್ಟರ್ ತಂದರು. ಸರಪಳಿ ಕಟ್ಟಬೇಕಾದ, ಅದರ ಹಿಂದೆ ತಗ್ಗಿನಲ್ಲಿದ್ದ ಕೊಂಡಿಗೆ ಅಜ್ಜಿ ಬೆಳಿಗ್ಗೆಯಷ್ಟೇ ಕುಂಕುಮವಿಟ್ಟು ಚೆಂಡುಹೂವಿನ ಹಾರ ಸುತ್ತಿದ್ದಳು.

"ಹಾರ ಕೀಳ್ಬೇಡ ಕಣ್ಲಾ, ಸಂಜೆಗಂಟ ದೇವ್ರು ಅದ್ರಲ್ಲೇ ಇರ್ತಾನೆ" ಎಂದಳು.

"ಆಯ್ತು ಕಣವ್ವಾ, ನಿನ್ ದೇವ್ರನ್ನ ಅಲ್ಲಾಡ್ಸಲ್ಲ" ಎಂದು ನಗುತ್ತಾ ಚಿಕ್ಕಪ್ಪ ಸರಪಳಿಯನ್ನು ಸೀಟಿನ ಹಿಂದೆ ಎತ್ತರಕ್ಕೆ ಕಟ್ಟಿದರು. ಹಾಗೆ ಕಟ್ಟಬಾರದೆಂದು ಅವರಿಗೂ ಗೊತ್ತಿತ್ತು.

ಗೇರು ಹಾಕುತ್ತಲೇ ಮುಂದಿನ ಚಕ್ರಗಳು ಆಕಾಶಕ್ಕೆದ್ದವು. ಇಡೀ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಅವರ ಮೇಲೆ ಬಿತ್ತು. ಸ್ಟೇರಿಂಗು ಎದೆಗೂಡನ್ನು ಮುರಿದು ಒಳಗಿಳಿದಿತ್ತು. ಬಾಯಿಂದ ರಕ್ತ ಬುಳುಬುಳು ಉಕ್ಕಿತು. ಚಕ್ರ ಇನ್ನೂ ತಿರುಗುತ್ತಲೇ ಇತ್ತು. ಅಜ್ಜಿ ಆ ಹಾರವನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಹರಿದಳು.

ಮಗಳು ಬೇಸತ್ತು ಆಟ ನಿಲ್ಲಿಸಲು ಹೊರಟಳು.

"ಇರು ಪುಟ್ಟಿ, ಇನ್ನೊಂದು ಸಲ ಬೀಳಿಸು" ಎಂದೆ. "ಅದು ಏಳೋದನ್ನ ನೋಡ್ಬೇಕು."